ಪರದೇಶದ ರಾಜಕೀಯ ಬಂದಿಗಳ ಪರವಾಗಿ ರೋಮಾ ರೋಲಾರವರ ಪತ್ರವ್ಯವಹಾರ

೧. ಪೀಠಿಕೆ

ನಮ್ಮ ಆಲಂಕಾರಿಕರು ಪತ್ರವನ್ನು ಕಾವ್ಯಭೇದಗಳಲ್ಲಿ ಎಣಿಸಲಿಲ್ಲ. ಅದಕ್ಕೆ ಲಕ್ಷಣವನ್ನು ಹೇಳಿದವರು ರಾಜನೀತಿಜ್ಞರು. ಮೈಸೂರಿನ ಓರಿಯಂಟಲ್ ಪುಸ್ತಕಭಂಡಾರಕ್ಕೆ ಬಂದು ಸೇರಿದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳವರು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವು ಲೇಖವಿಚಾರಕ್ಕೇ ಮೀಸಲಾಗಿದೆ. ಪತ್ರವು ಹುಟ್ಟುವುದಕ್ಕೆ ೧೩ ನಿಮಿತ್ತಗಳನ್ನು ಅಲ್ಲಿ ಹೇಳಿದೆ: ನಿಂದೆ, ಪ್ರಶಂಸೆ, ಪೃಚ್ಛೆ, ಆಖ್ಯಾನ, ಅರ್ಥನೆ, ಪ್ರತ್ಯಾಖ್ಯಾನ, ಉಪಾಲಂಭ, ಪ್ರತಿಷೇಧ, ಚೋದನೆ, ಸಾಂತ್ವ, ಅಭ್ಯವಪತ್ತಿ, ಭರ್ತ್ಸನ, ಅನುನಯ. ಇವುಗಳಲ್ಲಿ ಮೂರು ನಮ್ಮ ಪ್ರಕೃತ ವಿಷಯಕ್ಕೆ ಬೇಕಾದವು. ‘ಇದು ನಿಮಗೆ ಅನುರೂಪವಲ್ಲ’ ಎಂದು ತಿಳಿಸುವುದು ಉಪಾಲಂಭ. ವ್ಯಸನದಲ್ಲಿ ಬಿದ್ದವನಿಗೆ ಸಹಾಯವಾಗುವುದು ಅಭ್ಯವಪತ್ತಿ. ಒಬ್ಬ ಪುರುಷನಿಗೆ ವಿಪತ್ತೊದಗಿದಾಗ ವಿನಯದಿಂದ ಬೇಡಿಕೊಳ್ಳುವುದು ಅನುನಯದ ಒಂದು ಭೇದ.

ಅದೇ ಅಧ್ಯಾಯದಲ್ಲಿ ಪತ್ರದ ಗುಣದೋಷಗಳೂ ಹೇಳಲ್ಪಟ್ಟಿವೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬುವು ೬ ಗುಣಗಳು. ಇವುಗಳಲ್ಲಿ ಸಂಬಂಧವೆಂದರೆ ಹಿಂದೆ ಹೇಳಿದ ಮಾತಿಗೆ ಮುಂದೆ ಹೇಳುವ ಮಾತು ಅಡ್ಡಬಾರದೆ ಕಡೆಯವರೆಗೂ ನಡೆಯುವುದು. ಇದಕ್ಕೆ ವಿರುದ್ಧವಾದ ದೋಷವು ವ್ಯಾಘಾತ. ಮೊದಲಿನ ಮಾತಿನೊಡನೆ ಕಡೆಯ ಮಾತು ಹೊಂದದಿರುವುದೇ ಅದರ ಲಕ್ಷಣ.

ಕೌಟಲ್ಯನು ಬರೆದದ್ದು ರಾಜರ ಪತ್ರಗಳನ್ನು ಕುರಿತು. ಕೈಯಲ್ಲಿ ಸೈನ್ಯವಿಲ್ಲದ, ಕೋಶವಿಲ್ಲದ, ಅಧಿಕಾರಮುದ್ರೆಯಿಲ್ಲದ ಒಬ್ಬ ಗ್ರಂಥಕರ್ತನು ತನ್ನದಲ್ಲದ ದೇಶವೊಂದರ ಪ್ರಭುವಿಗೆ ‘ನಿನ್ನ ಸೆರೆಯಲ್ಲಿರುವ ಇಂಥವನನ್ನು ಬಿಡು’ ಎಂದು ಬರೆಯುವ ಪತ್ರವು ಪ್ರಾಚೀನರ ಗಣನೆಗೆ ಬಂದಿರಲಿಲ್ಲ. ಅಂಥ ಪತ್ರಕ್ಕೆ ಬಲವೆಲ್ಲಿಂದ ಬರುತ್ತದೆ, ಅದು ಯಾವಾಗ ಫಲಿಸುತ್ತದೆ, ಯಾವಾಗ ಬರಿದಾಗುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದೇ ಈ ಲೇಖನದ ಉದ್ದೇಶ. ನಿದರ್ಶನವಾಗಿ ಫ್ರೆಂಚ್ ಗ್ರಂಥಕರ್ತರಾದ ರೋಮಾ ರೋಲಾರವರನ್ನು ತೆಗೆದುಕೊಂಡಿದೆ. ರಾಮಕೃಷ್ಣ ಪರಮಹಂಸರ, ವಿವೇಕಾನಂದರ, ಗಾಂಧೀಜಿಯವರ ಚರಿತ್ರಕಾರರೆಂದು ಅವರ ಹೆಸರು ನಮ್ಮಲ್ಲಿ ಪ್ರಸಿದ್ಧವಾಗಿದೆ. ಸೆರೆಯಾಳುಗಳಿಗಾಗಿ ಅವರು ನಡೆಸಿದ ಪತ್ರವ್ಯವಹಾರವು ಅಷ್ಟಾಗಿ ಪ್ರಸಿದ್ಧವಲ್ಲ. ಅದರಲ್ಲಿ ಶ್ಲಾಘ್ಯವಾದ ಭಾಗವೂ ಉಂಟು, ಓದುವವರಿಗೆ ವ್ಯಥೆಯನ್ನುಂಟುಮಾಡುವ ಭಾಗವೂ ಉಂಟು. ಎರಡನ್ನೂ ಕೂಡಿಸಿ ನೋಡಿದರಲ್ಲದೆ ವಿಷಯದ ತತ್ತ್ವವು ತಿಳಿಯದು.

೨. ಜಿನೀವದ ಅಭ್ಯಾಸ

ರೋಲಾರವರು ೧೮೬೬ರ ಜನವರಿ ೨೯ರಂದು ಫ್ರಾನ್ಸಿನ ಕ್ಲಾಮ್ಸಿ ಎಂಬ ಊರಿನಲ್ಲಿ ಹುಟ್ಟಿದರು. ೧೯೦೪ರಿಂದ ೧೯೧೨ರವರೆಗೆ ಹೊರಬಂದ ‘ಜಾನ್ ಕ್ರಿಸ್ತೋಫ್’ ಎಂಬ ಬೃಹತ್ಕಾದಂಬರಿಯಿಂದ ಅವರಿಗೆ ಕೀರ್ತಿಯುಂಟಾಯಿತು. ಜರ್ಮನಿಯಲ್ಲಿ ಹುಟ್ಟಿದ ಸಂಗೀತಗಾರನೊಬ್ಬನು ಅದರ ನಾಯಕ. ೧೯೧೪ರಲ್ಲಿ ಆ ಎರಡು ದೇಶಗಳಿಗೆ ಯುದ್ಧವು ಹತ್ತಿದಾಗ ರೋಲಾರವರು ಸ್ವಿಟ್ಜರ್ಲೆಂಡಿನಲ್ಲಿದ್ದರು. ಸೆಪ್ಟೆಂಬರು ತಿಂಗಳಲ್ಲಿ ಜಿನೀವದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನವು ಎರಡು ಪಕ್ಷದ ದ್ವೇಷಕ್ಕೂ ಮೇಲೆ ನಿಂತು ಮಾತನಾಡಿದ್ದರಿಂದ ಸ್ವದೇಶದಲ್ಲಿಯೇ ಅವರು ದ್ರೋಹಿಯೆಂಬ ನಿಂದೆಗೆ ಪಾತ್ರರಾದರು.

ನಮ್ಮ ವಿಷಯಕ್ಕೆ ಆ ಲೇಖನಕ್ಕಿಂತಲೂ ಅದರ ಬೆನ್ನಲ್ಲೇ ಅವರು ಹಿಡಿದ ಕೆಲಸವು ಮುಖ್ಯವಾದುದು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಂಸ್ಥೆಯವರು ಯುದ್ಧಬಂದಿಗಳ ವಿಚಾರಣೆಗಾಗಿ ಜಿನೀವದ ರಾತ್ ವಸ್ತುಪ್ರದರ್ಶನಾಲಯದಲ್ಲಿ ಒಂದು ಕಾರ್ಯಾಲಯವನ್ನು ತೆರೆದಿದ್ದರು. ರೋಲಾರವರು ೧೯೧೪ರ ಅಕ್ಟೋಬರಿನಿಂದ ೧೯೧೫ರ ಜುಲೈವರೆಗೆ ಅಲ್ಲಿ, ಡಾಕ್ಟರ್ ಫೆರಿಯೇರ್ ಎಂಬವರ ಕೈಕೆಳಗೆ, ಸೈನಿಕರಲ್ಲದ ಬಂದಿಗಳ ವಿಭಾಗದಲ್ಲಿ ಸೇವೆಮಾಡಿದರು. ಮಗನೆಲ್ಲಿ, ಗಂಡನೆಲ್ಲಿ ಎಂದು ಕೇಳುವ ಮನೆಯವರ ಕಾಗದಗಳನ್ನು ಓದುವುದು, ಹೆಸರನ್ನು ಪಟ್ಟಿಗಳಲ್ಲಿ ಹುಡುಕುವುದು, ಉತ್ತರ ಬರೆಯುವುದು. ಇದು ದಿನದಿನದ ಕೆಲಸವಾಗಿತ್ತು. ಮುಂದೆ ೧೯೧೫ನೆಯ ವರ್ಷದ ನೊಬೆಲ್ ಪಾರಿತೋಷಕವು ಅವರಿಗೆ ದೊರೆತಾಗ ಆ ಹಣವನ್ನು ರೆಡ್ ಕ್ರಾಸ್ ಮೊದಲಾದ ಸೇವಾಸಂಸ್ಥೆಗಳಿಗೆ ಹಂಚಿಬಿಟ್ಟರು.

ಬಂದಿಯ ಪರವಾಗಿ ಬರೆಯುವವನಿಗೆ ಬೇಕಾದ ಪ್ರಥಮ ಶಿಕ್ಷಣವು ಇಂಥದೇ ಎಂದು ನಾನು ತಿಳಿಯುತ್ತೇನೆ. ‘ಬಂದಿಗಳು’ ಎಂಬ ಬಹುವಚನವು ಕರುಣೆಯನ್ನು ಹುಟ್ಟಿಸಬಹುದು, ಕಾರ್ಯವನ್ನು ಹುಟ್ಟಿಸಲಾರದು. ಒಂದು ಹೆಸರು, ಒಂದು ಊರು, ಹಿಡಿದ ದಿನ, ಇರಿಸಿದ ಸ್ಥಳ, ದೇಹಸ್ಥಿತಿ, ಇಷ್ಟು ಸಿಕ್ಕಿದಾಗಲೇ ಪತ್ರಕ್ಕೆ ಪರಿಪೂರ್ಣತೆಯೆಂಬ ಗುಣವು ಬರುತ್ತದೆ. ರೋಲಾರವರ ಮುಂದಿನ ಪತ್ರಗಳಲ್ಲಿ ಯಾವುವು ಒಬ್ಬೊಬ್ಬ ವ್ಯಕ್ತಿಯನ್ನು ಹಿಡಿದು ಹೊರಟವೋ ಅವೇ ಹೆಚ್ಚು ಸತ್ತ್ವವುಳ್ಳವಾಗಿವೆ.

೩. ಬಹಿರಂಗಪತ್ರಗಳು

೧೯೨೨ರಿಂದ ೧೯೩೮ರವರೆಗೆ ರೋಲಾರವರ ವಾಸವು ಸ್ವಿಟ್ಜರ್ಲೆಂಡಿನ ವಿಲ್‌ನವ್ ಎಂಬ ಸರೋವರತೀರದ ಊರಿನಲ್ಲಿ. ಹಲವು ದೇಶಗಳ ದೇಶಭ್ರಷ್ಟರೂ ಬಂದಿಗಳ ಬಂಧುಗಳೂ ಅಲ್ಲಿಗೆ ಬರುತ್ತಿದ್ದರು, ಇಲ್ಲವೆ ಬರೆಯುತ್ತಿದ್ದರು. ೧೯೨೬ರಲ್ಲಿ ಮುಸೊಲಿನಿಯ ಆತಿಥ್ಯವನ್ನು ಸ್ವೀಕರಿಸಿ ಇಟಲಿಯಿಂದ ಬಂದ ರವೀಂದ್ರನಾಥ ಠಾಕೂರರಿಗೆ ಆ ರಾಜ್ಯದ ಒಳಗಣ ಸ್ಥಿತಿಯನ್ನು ತಿಳಿಯಹೇಳಿದವರಲ್ಲಿ ರೋಲಾರವರು ಮುಖ್ಯರು. ಅದೇ ವರ್ಷದ ಆಗಸ್ಟಿನಲ್ಲಿ ಠಾಕೂರರು ಆಂಡ್ರೂಸ್ ಸಾಹೇಬರಿಗೆ ಬರೆದ ಪತ್ರವು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯಲ್ಲಿ ಪ್ರಕಟವಾಗಿ, ಫಾಸಿಸ್ಟ್ ಪಕ್ಷವನ್ನು ಅವರು ಮೆಚ್ಚಿದರೆಂಬ ಭ್ರಾಂತಿಯನ್ನು ನಿವಾರಿಸಿತು.

ಆ ಕಾಲದಲ್ಲಿ ರೋಲಾರವರು ಸೆರೆಮನೆಯ ಬಾಗಿಲಲ್ಲಿ ಯಾವ ಬಣ್ಣದ ಬಾವುಟವು ಹಾರುತ್ತಿದೆಯೆಂದು ನೋಡುತ್ತಿರಲಿಲ್ಲ. ೧೯೨೫ರಲ್ಲಿ ನ್ಯೂಯಾರ್ಕಿನಲ್ಲಿ ರಷ್ಯದ ಸೆರೆಮನೆಗಳಿಂದ ಬಂದ ಪತ್ರಗಳ ಸಂಕಲನವೊಂದು ಹೊರಬಂದಿತು. ಯೂರೋಪು ಮತ್ತು ಅಮೆರಿಕಗಳ ೨೨ ಮಂದಿ ಪ್ರಖ್ಯಾತ ಲೇಖಕರು ಅದಕ್ಕೆ ಪ್ರಾಸ್ತಾವಿಕ ಪತ್ರಗಳನ್ನು ಬರೆದರು. ಐನ್‌ಸ್ಟೈನರೂ ರೋಲಾರವರೂ ಅವರಲ್ಲಿ ಸೇರಿದ್ದರು. ಸೋವಿಯೆತ್ ಸರಕಾರವು ಸೆರೆಯಲ್ಲಿಟ್ಟಿದ್ದ ಸಮಾಜವಾದಿಗಳೂ ಅರಾಜಕವಾದಿಗಳೂ ಪಟ್ಟ ಸಂಕಟವನ್ನು ಆ ಗ್ರಂಥವು ತೋರಿಸುತ್ತದೆ. ರೋಲಾರವರು ಅದನ್ನು ಖಂಡಿಸುವಾಗಲೇ ಇತರ ದೇಶಗಳ ಸೆರೆಮನೆಗಳನ್ನೂ ನೆನಪಿಗೆ ತಂದರು. ಒಂದು ದೇಶದ ಪಾಪದಿಂದ ಇನ್ನೊಂದು ದೇಶದ ಪಾಪವು ತೊಳೆದುಹೋಗುವುದಿಲ್ಲವೆಂಬುದು ಅವರ ಅಂದಿನ ನಿಲುವು. ಈ ಅಂಶವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಜರ್ಮನಿಯವರು ರೋಲಾರವರಿಗೆ ಗಯಟೆಯ ಹೆಸರಿನ ಪದಕವನ್ನು ಕೊಡಲು ಬಂದಾಗ ಏಪ್ರಿಲ್ ತಿಂಗಳಲ್ಲಿ ಅವರು ಅದನ್ನು ನಿರಾಕರಿಸಿದರು. ಮೇ ತಿಂಗಳಲ್ಲಿ ಕಲೋನ್ ನಗರದ ಪತ್ರಿಕೆಯೊಂದಕ್ಕೆ ಪತ್ರ ಬರೆದು, ತಾವು ಪ್ರೀತಿಸಿದ ಜರ್ಮನಿಯು ಗಯಟೆಯ, ಬೆಥೋವನನ ಜರ್ಮನಿಯೇ ಹೊರತು ಗ್ರಂಥಗಳನ್ನು ಸುಡುವ ಈ ಜರ್ಮನಿಯಲ್ಲವೆಂಬ ಅಭಿಪ್ರಾಯವನ್ನು ತಿಳಿಸಿದರು. ಆ ಪತ್ರಿಕೆಯು ಅದನ್ನು ಅಚ್ಚುಮಾಡಿತು. ಅದಕ್ಕೆ ಜರ್ಮನ್ ಗ್ರಂಥಕರ್ತರು ಕೊಟ್ಟ ೬ ಉತ್ತರಗಳು ಒಟ್ಟುಗೂಡಿ ಒಂದು ಚಿಕ್ಕ ಪುಸ್ತಕವೇ ಆಯಿತು. ಕೌಟಲ್ಯನ ಪರಿಭಾಷೆಯಲ್ಲಿ ಇದು ಶುದ್ಧವಾದ ಉಪಾಲಂಭ: ‘ಇದು ನಿಮಗೆ ಅನುರೂಪವಲ್ಲ’. ಉಪಾಲಂಭವು ತಟ್ಟಬೇಕಾದರೆ ಕೇಳುವವನು ಆ ಅನುರೂಪತೆಯ ಆದರ್ಶವನ್ನು ಒಪ್ಪಿರಬೇಕು. ಹಳೆಯ ಜರ್ಮನಿಯ ಆದರ್ಶವನ್ನೇ ಬಿಟ್ಟುಕೊಟ್ಟವರಿಗೆ ಅದು ತಟ್ಟಲಿಲ್ಲ. ಆದರೆ ಬಹಿರಂಗಪತ್ರಕ್ಕೆ ಸಂಬೋಧಿತನಲ್ಲದೆ ಎರಡನೆಯ ಓದುಗನೊಬ್ಬನಿರುತ್ತಾನೆ, ಅವನೇ ಲೋಕ. ಅದೇ ವರ್ಷ ಜರ್ಮನ್ ಶಾಸನಸಭಾಭವನಕ್ಕೆ ಬೆಂಕಿಯಿಟ್ಟರೆಂದು ಲೈಪ್ಸಿಗ್ ನ್ಯಾಯಸ್ಥಾನದಲ್ಲಿ ವಿಚಾರಣೆಗೆ ಗುರಿಯಾದ ದಿಮಿತ್ರೊವ್ ಮೊದಲಾದ ಮೂವರು ಬಲ್ಗೇರಿಯದವರ ಪರವಾಗಿ ರೋಲಾರವರೂ ಇತರ ಅನೇಕರೂ ಎತ್ತಿದ ಧ್ವನಿಯನ್ನು ಲೋಕವು ಕೇಳಿತು. ಡಿಸೆಂಬರು ೨೩ರಂದು ಆ ಮೂವರೂ ನಿರ್ದೋಷಿಗಳೆಂದು ತೀರ್ಪಾಯಿತು. ೧೯೩೪ರ ಫೆಬ್ರವರಿಯಲ್ಲಿ ಅವರು ಜರ್ಮನಿಯಿಂದ ಹೊರಬಿದ್ದರು.

ಇಷ್ಟರಲ್ಲೇ ನಮ್ಮ ದೇಶದ ಬಂದಿಗಳ ವಿಷಯವೂ ರೋಲಾರವರ ಮುಂದೆ ಬಂದಿತ್ತು. ೧೯೨೯ರ ಮಾರ್ಚಿಯಲ್ಲಿ ಬ್ರಿಟಿಷ್ ಸರಕಾರವು ೩೦ಕ್ಕೂ ಮಿಕ್ಕ ಕಾರ್ಮಿಕನಾಯಕರನ್ನು ಹಿಡಿದು ಮೀರತ್ತಿನಲ್ಲಿ ಒಳಸಂಚಿನ ಮೊಕದ್ದಮೆಯನ್ನು ಹೂಡಿತು. ವಿಚಾರಣೆಯು ಸುಮಾರು ೪ ವರ್ಷ ನಡೆದು ೧೯೩೩ರ ಜನವರಿಯಲ್ಲಿ ಕಠಿಣ ಶಿಕ್ಷೆಗಳು ವಿಧಿಸಲ್ಪಟ್ಟವು. ಆ ಬಂದಿಗಳಲ್ಲಿ ಒಬ್ಬರಾದ ಎಸ್. ವಿ. ಘಾಟೆಯವರು ಮಂಗಳೂರಿನಲ್ಲಿ ಹುಟ್ಟಿದವರು. ಮತ್ತೊಬ್ಬರಾದ ಫಿಲಿಪ್ ಸ್ಪ್ರಾಟ್ ಎಂಬ ಆಂಗ್ಲೇಯರು ಮುಂದೆ ತಮ್ಮ ಹಳೆಯ ಮತವನ್ನು ತೊರೆದು ಬೆಂಗಳೂರಿನಲ್ಲಿ ನೆಲೆಸಿ ಪತ್ರಿಕೆಯನ್ನು ಸಂಪಾದಿಸಿದರು. ಶಿಕ್ಷೆಯಾದ ವರ್ಷವೇ ರೋಲಾರವರು ಮೀರತ್ತಿನ ಬಂದಿಗಳ ಪರವಾಗಿ ಬರೆದರು. ಇಂಗ್ಲೆಂಡಿನಲ್ಲಿಯೂ ಆಕ್ಷೇಪಗಳು ಬಲವಾದವು. ಆಗಸ್ಟಿನಲ್ಲಿ ಅಲಹಾಬಾದಿನ ಉಚ್ಚನ್ಯಾಯಾಲಯವು ಶಿಕ್ಷೆಗಳನ್ನು ಬಹುಮಟ್ಟಿಗೆ ತಗ್ಗಿಸಿತು. ಪರದೇಶದ ಬಂದಿಯ ಪರವಾಗಿ ಬರೆದ ಪತ್ರವೆಂದು ನಾವು ಹೇಳುವುದು ಆ ಬಂದಿಯ ಮನೆಯವರಿಗೆ ‘ಪರದೇಶದಿಂದ ನಮ್ಮವನಿಗಾಗಿ ಬಂದ ಪತ್ರ’ವಾಗಿ ತೋರುತ್ತದೆ. ಈ ಎರಡನೆಯ ದೃಷ್ಟಿಯು ಭಾರತೀಯರಾದ ನಮಗೆ ಅನುಭವಸಿದ್ಧವಾದುದು.

೪. ಗ್ರಾಂಶಿಯ ಪ್ರಕರಣ

ಇಷ್ಟು ಓದಿದವರಿಗೆ ಬಹಿರಂಗಪತ್ರವೇ ಶ್ರೇಷ್ಠವೆಂದು ತೋರಬಹುದು. ಆದರೆ ಅದರಲ್ಲಿಯೂ ಒಂದು ತೊಡಕು ಉಂಟು. ಇಟಲಿಯ ಅಂಟೋನಿಯೊ ಗ್ರಾಂಶಿಯ ಚರಿತ್ರೆಯಿಂದ ಅದು ಗೊತ್ತಾಗುತ್ತದೆ.

ಶಾಸನಸಭೆಯ ಸದಸ್ಯನಾಗಿದ್ದರೂ ಗ್ರಾಂಶಿಯನ್ನು ೧೯೨೬ರ ನವೆಂಬರು ೮ರಂದು ಹಿಡಿದರು. ೧೯೨೮ರ ಜೂನಿನಲ್ಲಿ ಅವನಿಗೆ ೨೦ ವರ್ಷಕ್ಕೆ ಮೇಲ್ಪಟ್ಟ ಸೆರೆವಾಸವು ವಿಧಿಸಲ್ಪಟ್ಟಿತು. ಬಾಲ್ಯದಿಂದಲೇ ದುರ್ಬಲವಾಗಿದ್ದ ಅವನ ದೇಹವು ಸೆರೆಯಲ್ಲಿ ಕ್ಷೀಣಿಸಿತು. ರೋಲಾರವರ ಗ್ರಂಥಗಳನ್ನು ಅವನು ಮೊದಲೇ ಓದಿ ಮೆಚ್ಚಿದ್ದನು; ಬುದ್ಧಿಯು ನಿರಾಶೆಯನ್ನೇ ಕಂಡರೂ ಸಂಕಲ್ಪವು ಆಶೆಯನ್ನು ಬಿಡಬಾರದೆಂಬ ರೋಲಾರವರ ಭಾವವನ್ನು ತನ್ನ ಪತ್ರಿಕೆಯ ಧ್ಯೇಯವಾಕ್ಯವಾಗಿಯೇ ಮಾಡಿಕೊಂಡಿದ್ದನು. ೧೯೩೩ರ ಮಾರ್ಚಿಯಲ್ಲಿ ಅರ್ಕಾಂಜೆಲಿ ಎಂಬ ವೈದ್ಯಪಂಡಿತರು ಸೆರೆಮನೆಯಲ್ಲಿ ಅವನನ್ನು ಪರೀಕ್ಷಿಸಿ, ಈ ಸ್ಥಿತಿಯಲ್ಲಿ ಅವನು ಬಹುಕಾಲ ಬದುಕಲಾರನು, ಆಸ್ಪತ್ರೆಗಾಗಲಿ ಷರತ್ತಿನ ಬಿಡುಗಡೆಗಾಗಲಿ ಅವಕಾಶವಾಗಬೇಕು ಎಂದು ವರದಿಮಾಡಿದರು. ಆ ವರದಿಯು ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ೧೯೩೪ರಲ್ಲಿ ರೋಲಾರವರು ಮುಸೊಲಿನಿಯ ಸೆರೆಮನೆಗಳಲ್ಲಿ ಸಾಯುತ್ತಿರುವವರನ್ನು ಕುರಿತು, ಗ್ರಾಂಶಿಯ ಹೆಸರನ್ನೇ ಮುಂದಿಟ್ಟು, ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರಾಂಶಿಗೆ ಷರತ್ತಿನ ಬಿಡುಗಡೆಯು ದೊರಕಿತು. ಆ ವೇಳೆಗೆ ರೋಗವು ಮಿತಿಮೀರಿದ್ದಿತು. ೧೯೩೭ರ ಏಪ್ರಿಲಿನಲ್ಲಿ ಶಿಕ್ಷೆಯ ಅವಧಿಯು ಪೂರ್ಣವಾಗಿ ಮುಗಿದ ಕೆಲವೇ ದಿನಗಳಲ್ಲಿ, ೨೭ರಂದು, ರೋಮ್ ನಗರದ ಚಿಕಿತ್ಸಾಲಯದಲ್ಲಿ ಅವನು ತೀರಿಕೊಂಡನು.

ಇಲ್ಲಿ ಗಮನಿಸಬೇಕಾದುದೇನೆಂದರೆ, ವೈದ್ಯರ ವರದಿಯನ್ನು ಪರದೇಶದ ಪತ್ರಿಕೆಗಳಲ್ಲಿ ಪ್ರಕಟಿಸಿದ್ದು ಬಂದಿಗೇ ಸಮ್ಮತವಾಗಿರಲಿಲ್ಲ. ಇಂಥ ಗದ್ದಲದಿಂದ ಮುಸೊಲಿನಿಯ ಹಟವು ಬಲಿಯುವುದೆಂದೂ, ಮೆಲ್ಲನೆ ದೊರಕಬಹುದಾಗಿದ್ದ ಸೌಕರ್ಯವು ತಪ್ಪುವುದೆಂದೂ ಗ್ರಾಂಶಿಯು ಅಸಮಾಧಾನಪಟ್ಟನು. ಬಾಲರು, ವೃದ್ಧರು, ವ್ಯಾಧಿತರು, ಅನಾಥರು ಇವರನ್ನು ರಾಜನ ಜನ್ಮನಕ್ಷತ್ರದ ದಿನದಲ್ಲಿಯೂ ಪೂರ್ಣಿಮೆಯಲ್ಲಿಯೂ ಸೆರೆಯಿಂದ ಬಿಡಬೇಕೆಂದು ಕೌಟಲ್ಯನು ವಿಧಿಸಿದ್ದಾನೆ. ವ್ಯಾಧಿಯೆಂಬ ಕಾರಣದಿಂದ ಬಿಟ್ಟರೆ ರಾಜನಿಗೆ ಮಾನಭಂಗವಿಲ್ಲ. ಲೋಕದ ಕೂಗಿಗೆ ಬೆದರಿ ಬಿಟ್ಟರೆ ಮಾನಭಂಗವುಂಟು. ಬಂದಿಯು ಮೊದಲನೆಯ ದಾರಿಯನ್ನು ಬಯಸಿದನು, ಹೊರಗಿನವರು ಎರಡನೆಯ ದಾರಿಯನ್ನು ಹಿಡಿದರು. ಬಂದಿಯ ಹೆಸರನ್ನು ಹಿಡಿದು ಬರೆಯುವವನು ಬಂದಿಯ ಇಷ್ಟವನ್ನು ಕೇಳಿರಬೇಕೆಂಬುದು ಈ ಪ್ರಕರಣದಿಂದ ತಿಳಿಯತಕ್ಕ ನಿಯಮ. ಕೇಳುವುದಕ್ಕೆ ಸೆರೆಮನೆಯ ಗೋಡೆಯೇ ಅಡ್ಡವಾಗಿರುವುದರಿಂದ ಇದನ್ನು ಪಾಲಿಸುವುದು ಕಷ್ಟ.

೫. ವಿಕ್ಟರ್ ಸೆರ್ಜನ ಬಿಡುಗಡೆ

ಅಷ್ಟರಲ್ಲಿ ರೋಲಾರವರ ಮನಸ್ಸಿನಲ್ಲಿ ದೊಡ್ಡ ಪರಿವರ್ತನೆಯಾಗಿತ್ತು. ಇಟಲಿ ಜರ್ಮನಿಗಳ ಕ್ರೌರ್ಯವನ್ನು ಎದುರಿಸಬಲ್ಲ ರಾಜ್ಯವು ಸೋವಿಯೆತ್ ರಷ್ಯವೊಂದೇ ಎಂಬ ನಂಬಿಕೆಯಿಂದ ಅವರು ಆ ರಾಜ್ಯದ ಪಕ್ಷವನ್ನು ಬಹಿರಂಗವಾಗಿ ವಹಿಸಿದರು. ೧೯೩೪ರಲ್ಲಿ ಅವರು ಮದುವೆಯಾದ ಮರಿಯಾ ಕುದಾಷೆವಾ ಎಂಬಾಕೆ ರಷ್ಯದವಳು. ಆಕೆಯ ಮೊದಲ ಮದುವೆಯ ಮಗನು ಮಾಸ್ಕೋವಿನಲ್ಲಿಯೇ ಇದ್ದನು. ಗ್ರಂಥಕರ್ತನಾದ ಮಾಕ್ಸಿಮ್ ಗಾರ್ಕಿಯೊಡನೆ ರೋಲಾರವರಿಗೆ ಬಹುಕಾಲದಿಂದ ಪತ್ರಮೈತ್ರಿಯಿತ್ತು.

ವಿಕ್ಟರ್ ಸೆರ್ಜ್ ಎಂಬವನು ಬ್ರಸೆಲ್ಸ್ ನಗರದಲ್ಲಿ ದೇಶಭ್ರಷ್ಟ ರಷ್ಯನರಿಗೆ ಹುಟ್ಟಿ ಫ್ರೆಂಚ್ ಭಾಷೆಯಲ್ಲಿ ಬರೆಯುತ್ತಿದ್ದವನು. ಕ್ರಾಂತಿಗೆ ಸೇವೆಮಾಡಲು ರಷ್ಯಕ್ಕೆ ಹೋಗಿ, ಅಲ್ಲಿನ ಆಳ್ವಿಕೆಯನ್ನು ಟೀಕಿಸಿದ್ದಕ್ಕಾಗಿ ೧೯೩೩ರಲ್ಲಿ ಬಂಧಿತನಾಗಿ ಒರೆನ್‌ಬುರ್ಗ್ ಎಂಬ ದೂರದ ಊರಿಗೆ ಗಡೀಪಾರಾಗಿದ್ದನು. ೧೯೩೫ರ ಜೂನ್ ೨೧ರಿಂದ ೨೫ರವರೆಗೆ ಪ್ಯಾರಿಸ್ಸಿನಲ್ಲಿ ಸಂಸ್ಕೃತಿರಕ್ಷಣೆಗಾಗಿ ಹಲವು ದೇಶಗಳ ಲೇಖಕರ ಮಹಾಸಭೆಯು ಸೇರಿತು. ಇಟಲಿಯಿಂದ ದೇಶಭ್ರಷ್ಟರಾಗಿದ್ದ ಚರಿತ್ರಪಂಡಿತ ಸಾಲ್ವೆಮಿನಿಯವರೂ, ಮಾಗ್ದಲೆನ್ ಪಾಜ್, ಷಾರ್ಲ್ ಪ್ಲಿನಿಯೆ ಎಂಬ ಲೇಖಕರೂ ಅಲ್ಲಿ ಎದ್ದು ಸೆರ್ಜನ ವಿಷಯವನ್ನು ಎತ್ತಿದರು. ಜರ್ಮನಿಯ ಬಂದಿಗಳಿಗಾಗಿ ಕೂಗುವ ಸಭೆಯು ರಷ್ಯದ ಬಂದಿಯ ವಿಷಯದಲ್ಲಿ ಮೂಕವಾಗಿರಬಹುದೆ ಎಂಬುದು ಅವರ ಪ್ರಶ್ನೆ. ಸೋವಿಯೆತ್ ಪ್ರತಿನಿಧಿಗಳಲ್ಲಿ ಕೆಲವರು ಕಿರೋವನ ಕೊಲೆಗೂ ಸೆರ್ಜನಿಗೂ ಸಂಬಂಧವುಂಟೆಂದು ಸೂಚಿಸಿದರು. ಕೊಲೆಯು ನಡೆದದ್ದು ೧೯೩೪ರ ಡಿಸೆಂಬರಿನಲ್ಲಿ. ಸೆರ್ಜನು ಸೆರೆಸಿಕ್ಕಿದ್ದು ಅದಕ್ಕೆ ಒಂದೂವರೆ ವರ್ಷಕ್ಕೂ ಮುಂಚೆ. ಈ ವ್ಯಾಘಾತವನ್ನು ಸಭೆಯವರು ಕಾಣದೆ ಇರಲಿಲ್ಲ. ಸಭೆಯ ಅಗ್ರಗಣ್ಯರಲ್ಲಿ ಒಬ್ಬರಾದ ಆಂದ್ರೆ ಜೀದರು ಬಳಿಕ ಸೋವಿಯೆತ್ ರಾಯಭಾರಿಗೆ ಈ ವಿಷಯವನ್ನು ನಿವೇದಿಸಿದರು.

ಅದೇ ವಾರದಲ್ಲಿ ರೋಲಾರವರು ಮಾಸ್ಕೋವಿನಲ್ಲಿದ್ದರು. ಜೂನ್ ೨೮ರಂದು ಅವರಿಗೂ ಸ್ಟಾಲಿನನಿಗೂ ಭೇಟಿಯಾಯಿತು. ಪರದೇಶಗಳೊಡನೆ ಸಾಂಸ್ಕೃತಿಕ ಸಂಬಂಧವನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಅಧ್ಯಕ್ಷನಾದ ಅರೋಸೆವ್ ಎಂಬವನು ದುಭಾಷಿಯಾಗಿದ್ದನು. ೧೨ ವರ್ಷ ವಯಸ್ಸಾದ ಮಕ್ಕಳಿಗೂ ಮರಣದಂಡನೆಯನ್ನು ಅನ್ವಯಿಸಬಹುದಾದ, ಆ ವರ್ಷದ ಏಪ್ರಿಲಿನ ಶಾಸನವನ್ನು ಕುರಿತು ರೋಲಾರವರು ಕೇಳಿದರು. ಸೆರ್ಜನ ವಿಷಯವನ್ನೂ ಕೇಳಿದರು. ಆದರೆ ಕೇಳಿದ ಬಗೆಯನ್ನು ನೋಡಬೇಕು. ಶಿಕ್ಷೆಯು ಅನ್ಯಾಯವೆಂದು ಅವರು ಹೇಳಲಿಲ್ಲ. ಶಿಕ್ಷೆಗೆ ಕಾರಣವಿದ್ದೇ ಇರಬೇಕು, ಆದರೆ ಕಾರಣವನ್ನು ತಿಳಿಸದಿರುವುದರಿಂದ ಫ್ರಾನ್ಸಿನಲ್ಲಿರುವ ನಿಮ್ಮ ಮಿತ್ರರಿಗೆ ಸಮಾಧಾನ ಹೇಳುವುದು ಕಷ್ಟವಾಗಿದೆ ಎಂಬ ರೀತಿಯಲ್ಲಿ ಹೇಳಿದರು. ಇದು ಉಪಾಲಂಭವಲ್ಲ, ಅನುನಯವೂ ಪೂರ್ತಿಯಾಗಿ ಅಲ್ಲ, ಮಿತ್ರನು ಮಿತ್ರನಿಗೆ ಕೊಡುವ ಹಿತೋಪದೇಶದ ವೇಷದಲ್ಲಿರುವ ಅಭ್ಯವಪತ್ತಿ. ೧೯೩೬ರ ಏಪ್ರಿಲಿನಲ್ಲಿ ಸೆರ್ಜನನ್ನು ಬಿಟ್ಟು ದೇಶದಿಂದ ಹೊರಕ್ಕೆ ಕಳುಹಿಸಿದರು. ಅವನ ಹಸ್ತಪ್ರತಿಗಳನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಸೆರ್ಜನನ್ನು ಬಿಡಿಸಿದವರು ಯಾರು? ಮಾಸ್ಕೋವಿನಲ್ಲಿ ಮೃದುವಾಗಿ ಮಾತನಾಡಿದ ರೋಲಾರವರೋ, ಪ್ಯಾರಿಸ್ಸಿನಲ್ಲಿ ಗಟ್ಟಿಯಾಗಿ ಕೂಗಿದ ಸಾಲ್ವೆಮಿನಿ ಮುಂತಾದವರೋ? ಇಬ್ಬರೂ ಎಂದೇ ನನ್ನ ಅಭಿಪ್ರಾಯ. ಹೊರಗೆ ಕೂಗಿಲ್ಲದಿದ್ದರೆ ಒಳಗಿನ ಮೃದುವಚನಕ್ಕೆ ವಿಷಯವೇ ಇರುತ್ತಿರಲಿಲ್ಲ. ಮಿತ್ರರಿಗೆ ಸಮಾಧಾನ ಹೇಳುವುದು ಕಷ್ಟವಾಗಿದೆ ಎಂಬ ಮಾತು ಸತ್ಯವಾಗಬೇಕಾದರೆ ಮಿತ್ರರು ನಿಜವಾಗಿಯೂ ಕೇಳುತ್ತಿರಬೇಕು. ಒಳಗಿನ ಮಾತಿಲ್ಲದಿದ್ದರೆ ಹೊರಗಿನ ಕೂಗಿಗೆ ಮ\u200cಣಿದೆನೆಂಬ ಅಪಮಾನವಿಲ್ಲದೆ ಬಿಡುವುದಕ್ಕೆ ಪ್ರಭುವಿಗೆ ದಾರಿಯಿರುತ್ತಿರಲಿಲ್ಲ. ಭಯಕ್ಕೆ ಆಸ್ಪದವೂ ಮಾನಕ್ಕೆ ರಕ್ಷಣೆಯೂ ಕೂಡಿದಲ್ಲಿ ಬಾಗಿಲು ತೆರೆಯಿತು.

೬. ೧೯೩೭ರ ಅಂತರಂಗಪತ್ರಗಳು

೧೯೩೬ರ ಜೂನಿನಲ್ಲಿ ಗಾರ್ಕಿಯು ತೀರಿಕೊಂಡನು. ನವೆಂಬರಿನಲ್ಲಿ ಜೀದರು ರಷ್ಯದಲ್ಲಿ ತಾವು ಕಂಡದ್ದನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿ ಅಲ್ಲಿಯ ಆಳ್ವಿಕೆಯನ್ನು ಟೀಕಿಸಿದರು. ೧೯೩೭ರ ಜನವರಿಯಲ್ಲಿ ರೋಲಾರವರು ಕಮ್ಯೂನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಆ ಪುಸ್ತಕವನ್ನು ಖಂಡಿಸಿ ಬರೆದರು. ಅದೇ ತಿಂಗಳಲ್ಲಿ ಮಾಸ್ಕೋವಿನಲ್ಲಿ ಎರಡನೆಯ ದೊಡ್ಡ ವಿಚಾರಣೆಯು ನಡೆಯಿತು. ಫೆಬ್ರವರಿ ೨೭ರಂದು ಕ್ರಾಂತಿಯ ನಾಯಕರಲ್ಲಿ ಒಬ್ಬನೂ ವಿದ್ವಾಂಸನೂ ಆದ ಬುಖಾರಿನನನ್ನು ಹಿಡಿದರು.

ಮಾರ್ಚಿ ೧೮ರಂದು ರೋಲಾರವರು ಸ್ಟಾಲಿನನಿಗೆ ಒಂದು ಪತ್ರವನ್ನು ಬರೆದರು. ಬುಖಾರಿನನಂಥ ಬುದ್ಧಿಯು ಒಂದು ದೇಶದ ಸಂಪತ್ತಾದುದರಿಂದ ಅದನ್ನು ಉಳಿಸಿಕೊಳ್ಳಬೇಕೆಂದೂ, ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಪ್ರತಿಭಾವಂತರನ್ನು ಕೊಂದುದಕ್ಕಾಗಿ ಕ್ರಾಂತಿಯ ಅಭಿಮಾನಿಗಳು ಇಂದಿಗೂ ದುಃಖಪಡುತ್ತಾರೆಂದೂ, ಗಾರ್ಕಿಯ ಸ್ಮರಣೆಗಾಗಿಯಾದರೂ ಕ್ಷಮೆಯನ್ನು ತೋರಬೇಕೆಂದೂ ಅದರ ತಾತ್ಪರ್ಯ. ಪತ್ರಲಕ್ಷಣದ ದೃಷ್ಟಿಯಿಂದ ಇದು ಅವರ ಪತ್ರಗಳಲ್ಲಿ ಉತ್ತಮವಾದುವುಗಳ ಸಾಲಿಗೆ ಸೇರತಕ್ಕದ್ದು. ಅರ್ಥಕ್ರಮವಿದೆ, ಮಾಧುರ್ಯವಿದೆ, ಔದಾರ್ಯವಿದೆ. ಓದುವವನ ಅಭಿಮಾನವನ್ನು ನೋಯಿಸದೆ ಅವನ ಚರಿತ್ರಪ್ರಜ್ಞೆಯನ್ನು ಎಚ್ಚರಿಸುವ ಯುಕ್ತಿಯಿದೆ. ಉತ್ತರವು ಬರಲಿಲ್ಲ. ಜುಲೈ ತಿಂಗಳಲ್ಲಿ ಅರೋಸೆವನನ್ನು ಹಿಡಿದರು. ಎರಡು ವರ್ಷದ ಹಿಂದೆ ರೋಲಾರವರಿಗೂ ಸ್ಟಾಲಿನನಿಗೂ ನಡುವೆ ಕುಳಿತು ಮಾತುಗಳನ್ನು ಸಾಗಿಸಿದ್ದವನೇ ಅವನು. ಅವನಿಗಾಗಿಯೂ ರೋಲಾರವರು ಬರೆದರು. ಅದಕ್ಕೂ ಉತ್ತರವಿಲ್ಲ. ೧೯೩೮ರ ಫೆಬ್ರವರಿ ೧೦ರಂದು ಅರೋಸೆವನನ್ನೂ ಮಾರ್ಚಿ ೧೫ರಂದು ಬುಖಾರಿನನನ್ನೂ ಗುಂಡಿಟ್ಟು ಕೊಂದರು. ಈ ವಿಚಾರಣೆಗಳನ್ನು ಕುರಿತು ರೋಲಾರವರು ಬಹಿರಂಗವಾಗಿ ಆಕ್ಷೇಪಣೆಯ ಮಾತನ್ನಾಡಲಿಲ್ಲ.

ಏಕೆ ಆಡಲಿಲ್ಲವೆಂಬುದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಆಗ ಸ್ಪೇನ್ ದೇಶದಲ್ಲಿ ಅಂತರ್ಯುದ್ಧವು ನಡೆಯುತ್ತಿತ್ತು, ಹಿಟ್ಲರನು ನೆರೆಯಲ್ಲಿದ್ದನು, ಸೋವಿಯೆತ್ ರಾಜ್ಯವನ್ನು ನಿಂದಿಸಿದರೆ ಶತ್ರುಗಳ ಕೈಗೆ ಆಯುಧವನ್ನು ಕೊಟ್ಟಂತಾಗುವುದೆಂಬ ಭಯವಿತ್ತು. ಹೆಂಡತಿಯ ಮಗನು ಮಾಸ್ಕೋವಿನಲ್ಲಿದ್ದನೆಂಬುದನ್ನೂ ಮರೆಯಬಾರದು. ೭೦ ವರ್ಷ ದಾಟಿದ, ಆರೋಗ್ಯವಿಲ್ಲದ ಒಬ್ಬ ವೃದ್ಧನನ್ನು ನಾವು ನಮ್ಮ ಮನೆಯಲ್ಲಿ ಸುಖವಾಗಿ ಕುಳಿತು ದೂಷಿಸುವುದು ಸುಲಭ. ಆದರೆ ಗೌರವವು ವಿಚಾರಕ್ಕೆ ಅಡ್ಡವಾಗಬಾರದು. ೧೯೩೫ರ ಮಾತು ಫಲಿಸಿ ೧೯೩೭ರ ಪತ್ರವು ಫಲಿಸದೆಹೋದದ್ದಕ್ಕೆ ಪ್ರಭುವಿನ ಮನಸ್ಸು ಕಠೋರವಾದದ್ದು ಒಂದು ಕಾರಣ. ಸೆರ್ಜನಿಗಿಂತ ಬುಖಾರಿನನು ಅವನಿಗೆ ದೊಡ್ಡ ಪ್ರತಿಸ್ಪರ್ಧಿಯಾಗಿದ್ದುದು ಇನ್ನೊಂದು. ಪತ್ರಬರೆದವರ ಕೈಯಲ್ಲಿದ್ದ ಕಾರಣವೂ ಒಂದುಂಟು. ಜನವರಿಯಲ್ಲಿ ಜೀದರನ್ನು ಖಂಡಿಸಿದ ಲೇಖನವನ್ನು ಓದಿದವನಿಗೆ, ಮಾರ್ಚಿಯಲ್ಲಿ ಬಂದ ಪತ್ರಕ್ಕೆ ಉತ್ತರ ಕೊಡದಿದ್ದರೂ ಅದನ್ನು ಬರೆದವರು ಎಂದಿಗೂ ಬಾಯಿಬಿಡಲಾರರೆಂಬುದು ಗೊತ್ತಿತ್ತು. ಇಲ್ಲಿರುವ ದೋಷವು ಪತ್ರದ ಒಳಗಿನದಲ್ಲ. ಬಹಿರಂಗಲೇಖನಕ್ಕೂ ಅಂತರಂಗಪತ್ರಕ್ಕೂ ನಡುವೆ ಬಿದ್ದ ವ್ಯಾಘಾತವೇ ಆ ಅನುನಯವನ್ನು ನಿರ್ವೀರ್ಯವಾಗಿ ಮಾಡಿತು.

೭. ಉಪಸಂಹಾರ

ಇಲ್ಲಿಯವರೆಗೆ ಹೇಳಿದ ಪ್ರಕರಣಗಳಿಂದ ನಿಷ್ಪನ್ನವಾಗುವ ಅಂಶಗಳನ್ನು ಸಂಗ್ರಹಿಸಬಹುದು. ಬಂದಿಯ ಪರವಾದ ಪತ್ರವು ಗೊತ್ತಾದ ಒಬ್ಬ ವ್ಯಕ್ತಿಯನ್ನೂ ಗೊತ್ತಾದ ಸಂಗತಿಗಳನ್ನೂ ಹಿಡಿದಿರಬೇಕು. ಬಂದಿಯ ಇಷ್ಟಕ್ಕೆ ಪತ್ರಲೇಖಕನ ಕೀರ್ತಿಗಿಂತಲೂ ಪಕ್ಷದ ಪ್ರಯೋಜನಕ್ಕಿಂತಲೂ ಮೊದಲ ಸ್ಥಾನವಿರಬೇಕು. ಅಂತರಂಗಪತ್ರವು ಕೀಳಲ್ಲ, ಬಹಿರಂಗಪತ್ರವು ಮೇಲಲ್ಲ. ಎರಡೂ ಪರಸ್ಪರ ಆಶ್ರಿತವಾದುವು. ಆದರೆ ಅಂತರಂಗಪತ್ರಕ್ಕೆ ಬಲವು ಬರುವುದು, ಅದನ್ನು ಬರೆದವನು ಬೇಕಾದರೆ ನಾಳೆ ಬಹಿರಂಗವಾಗಿಯೂ ಬರೆಯುವನೆಂಬ ಶಂಕೆಯಿಂದ. ಆ ಶಂಕೆಯನ್ನು ತಾನೇ ನೀಗಿಸಿದವನ ಅನುನಯವನ್ನು ಪ್ರಭುವು ಓದಿ ಮಡಿಸಿಡುತ್ತಾನೆ.

ಇನ್ನೊಂದು ಮಾತು. ಶತ್ರುವಿನ ಸೆರೆಮನೆಯನ್ನು ಖಂಡಿಸುವುದಕ್ಕೆ ಧೈರ್ಯವು ಬೇಕು. ಆದರೆ ಆ ಧೈರ್ಯಕ್ಕೆ ಸುತ್ತಲಿನವರ ಮೆಚ್ಚಿಕೆಯ ಆಸರೆಯುಂಟು. ಮಿತ್ರನ ಸೆರೆಮನೆಯನ್ನು ಖಂಡಿಸುವುದಕ್ಕೆ ಬೇಕಾದ ಧೈರ್ಯಕ್ಕೆ ಆ ಆಸರೆಯೂ ಇರುವುದಿಲ್ಲ. ೧೯೧೪ರಲ್ಲಿ ಸ್ವದೇಶದವರ ನಿಂದೆಯನ್ನು ಒಬ್ಬರೇ ನಿಂತು ಸಹಿಸಿದವರು, ೧೯೨೫ರಲ್ಲಿ ಎಲ್ಲ ಸೆರೆಮನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು, ೧೯೩೭ರಲ್ಲಿ ಸುಮ್ಮನಾದರು. ಮಹಾಪುರುಷರಲ್ಲಿಯೂ ಸಂಬಂಧವೆಂಬ ಗುಣವನ್ನು ಕಡೆಯವರೆಗೆ ಸಾಗಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದು ಸಾಕ್ಷಿ.

ಆದರೂ ಅವರ ಪ್ರಾಮಾಣಿಕತೆಗೆ ಒಂದು ಪ್ರಮಾಣವುಳಿದಿದೆ. ಮಾಸ್ಕೋವಿನ ಪ್ರವಾಸದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ತಮಗೆ ಹುಟ್ಟಿದ ಸಂದೇಹಗಳನ್ನೂ ರೋಲಾರವರು ದಿನಚರಿಯಲ್ಲಿ ಬರೆದಿಟ್ಟು, ೧೯೩೫ರ ಅಕ್ಟೋಬರಿನಿಂದ ೫೦ ವರ್ಷಗಳವರೆಗೆ ಅದನ್ನು ಪ್ರಕಟಿಸಕೂಡದೆಂದು ನಿಯಮಿಸಿದರು. ಸ್ಟಾಲಿನನೊಡನೆ ನಡೆದ ಸಂಭಾಷಣೆಯನ್ನು ಪ್ರಕಟಿಸಲು ಅವರು ಅನುಮತಿಯನ್ನು ಕೇಳಿದ್ದರು, ಅದು ದೊರೆಯಲಿಲ್ಲ. ೧೯೪೪ರ ಡಿಸೆಂಬರು ೩೦ರಂದು ವೆಜ್‌ಲೆಯಲ್ಲಿ ಅವರು ಕಾಲವಾದರು. ದಿನಚರಿಯು ೧೯೯೨ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾಗಿ ಹೊರಬಂದಿತು. ಹೀಗೆ ಅಂತರಂಗವು ಕಡೆಗೂ ಬಹಿರಂಗವಾಯಿತು. ತಾವು ಸಂದೇಹಪಟ್ಟಿದ್ದರೆಂಬುದನ್ನು ಅವರು ಮರೆಮಾಡಲಿಲ್ಲ. ಆದರೆ ಅದು ಹೊರಬಂದಾಗ ಬುಖಾರಿನನೂ ಅರೋಸೆವನೂ ಸತ್ತು ೫೪ ವರ್ಷಗಳಾಗಿದ್ದುವು. ಗ್ರಂಥಕ್ಕೆ ಕಾಲವು ಎಷ್ಟಾದರೂ ಉಂಟು, ಸೆರೆಯಲ್ಲಿರುವವನಿಗೆ ಅಷ್ಟಿಲ್ಲ. ಬಂದಿಗಾಗಿ ಬರೆಯುವ ಪತ್ರವನ್ನು ಉಳಿದ ಎಲ್ಲ ಸಾಹಿತ್ಯದಿಂದಲೂ ಬೇರೆಮಾಡುವ ಲಕ್ಷಣವು ಇದೇ ಎಂದು ಹೇಳಬಹುದು.